ಹುಳ ಏನೂ ಕಲ್ತಿಲ್ಲ ಕಾಕಾ

ಹೋದ ಡಿಸೆಂಬರದಾಗ ನಮ್ಮ ಕಾಕಾ ಶುಗರ್ ತೋರ್ಸಾಕ ಅಂತ ಹುಬ್ಬಳ್ಳಿಗೆ ಬಂದಾಂವ ಸೀದಾ ನಮ್ಮ ಲ್ಯಾಬಿಗೇ ಬಂದ. ರಕ್ತಾ ಕೊಡೂದಕ್ಕಿಂತ ಮೊದಲ ಅಂಗಿ ಕಿಸೇದಾಗಿಂದ ಒಂದು ಹಸಿ ಹತ್ತಿಕಾಯಿ ತಗದು ಟೇಬಲ್ ಮ್ಯಾಲ ಇಟ್ಟ. ನಮ್ಮ ಟೇಬಲ್ ಮ್ಯಾಲ ಜನಾ ಏನೇನೋ ಇಡ್ತಾರ, ಡಬ್ಬಿ, ಬಾಟ್ಲಿ, ಪೇಪರಿನಾಗ ಸುತ್ತಿದ್ದು, ಹೇಳೂದ ಬ್ಯಾಡ ಬಿಡ್ರಿ, ಆದ್ರ ಹತ್ತಿಕಾಯಿ ಇದ ಮೊದಲ. "ಒಡದು ನೋಡವಾ" ಅಂದ. ಹೊರಗಿಂದ ನೋಡಿದ್ರ ಚೊಲೊ ಕಾಯಿ, ಒಂದು ತೂತು ಸೈತ ಇಲ್ಲ. ಬ್ಲೇಡ್ ತಗೊಂಡು ಸೀಳಿದೆ. ಒಳಗ ಹತ್ತಿ ಕಂದು ಬಣ್ಣಕ್ಕ ತಿರುಗಿ ಮುದ್ದಿ ಆಗಿತ್ತು, ಎರಡು ಬೀಜ ಒಂದಕ್ಕೊಂದು ಅಂಟಿದ್ವು, ಅವೆರಡರ ನಡುವ ಅಗದೀ ಚಂದಾನ ಗುಲಾಬಿ ಬಣ್ಣದ ಒಂದು ಹುಳ ಆರಾಮ ಮಲಗಿತ್ತು.

"ಬಿಟಿ ಬೀಜಾ ಇದು, ಹುಳ ಬೀಳಂಗಿಲ್ಲ ಅಂತ ಪಾಕೀಟಿಗೆ ಎಂಟನೂರರ ಮ್ಯಾಲ ಕೊಟ್ಟೇನಿ. ಹುಳ ಕಲ್ತಬಿಟ್ಟೈತಿ ನೋಡು" ಅಂದ ಕಾಕಾ, ಸಾಲಿಗೆ ಹೋಗಿ ಪಾಸಾಗಿ ಬಂದ ಮಗನ ಬಗ್ಗೆ ಹೇಳಿದಂಗ.

ನಾ ಆವಾಗ ಏನೂ ಮಾತಾಡ್ಲಿಲ್ಲ. ರಕ್ತಾ ತಗೊಂಡೆ, ಮಧ್ಯಾಹ್ನ ಮನಿಗೆ ಕರಕೊಂಡು ಹೋಗಿ ಊಟಕ್ಕ ಹಾಕಿದೆ. ಆದ್ರ ಆ ಮಾತು ತಲ್ಯಾಗ ಕುಂತಬಿಡ್ತು, ಯಾಕಂದ್ರ ಈ "ಕಲ್ತಬಿಟ್ಟೈತಿ" ಅನ್ನೂದು ಕಾಕಾ ಒಬ್ಬಾಂವ ಅನ್ನೂ ಮಾತಲ್ಲ. ಗೊಬ್ಬರದ ಅಂಗಡಿಯಾಂವ ಅಂತಾನ, ಧಾರವಾಡದ ಕೃಷಿ ಮೇಳಕ್ಕ ಹೋದ್ರ ಸ್ಟಾಲಿನಾಗ ನಿಂತಾವ್ರು ಅಂತಾರ, ಅಷ್ಟ್ಯಾಕ ನಮ್ಮ ಲ್ಯಾಬಿಗೆ ಬರೋ ಡಾಕ್ಟ್ರುಗಳು ಸೈತ "ಈ ಬ್ಯಾಕ್ಟೀರಿಯಾ ಎಲ್ಲಾ ಆಂಟಿಬಯಾಟಿಕ್ ಕಲ್ತಬಿಟ್ಟಾವ" ಅಂತಾರ. ಮಾತಿಗೆ ಅನ್ನೂದು ಖರೆ. ಆದ್ರ ಆ ಒಂದು ಶಬ್ದದಿಂದ ಇಡೀ ಕತಿ ತಲಿಕೆಳಗ ಆಗ್ತೈತಿ. ಹುಳ ಕಲ್ತಿತು ಅಂದ್ರ ತಪ್ಪು ಹುಳದ್ದು, ಅದರ ಶಾಣ್ಯಾತನದ್ದು. ಹುಳ ಕಲ್ತಿಲ್ಲ ಅಂದ್ರ ಮತ್ತ ಏನಾತು ಅಂತ ಕೇಳಬೇಕಾಗ್ತೈತಿ, ಆ ಪ್ರಶ್ನಿ ತಿರುಗಿ ನಮ್ಮ ಮನಿ ಬಾಗಲಕ್ಕ ಬರ್ತೈತಿ.

ನನ್ನ ಕೆಲಸಾನ ಇದು, ದಿನಾ ಮುಂಜಾನಿ ಕಲ್ಚರ್ ಪ್ಲೇಟ್ ನೋಡೂದು. ಪೇಶಂಟಿನ ಮೂತ್ರದಾಗಿನ ಬ್ಯಾಕ್ಟೀರಿಯಾನ ಪ್ಲೇಟ್ ಮ್ಯಾಲ ಸವರಿ, ಅದರ ಮ್ಯಾಲ ಬ್ಯಾರೆ ಬ್ಯಾರೆ ಔಷಧದ ಸಣ್ಣ ಸಣ್ಣ ಬಿಲ್ಲಿ ಇಟ್ಟು ರಾತ್ರಿಯೆಲ್ಲಾ ಬೆಚ್ಚಗ ಇಟ್ರ, ಔಷಧ ಕೆಲಸಾ ಮಾಡಿದಲ್ಲೆ ಬಿಲ್ಲಿ ಸುತ್ತ ಸ್ವಚ್ಛ ದುಂಡಗ ಜಾಗಾ ಆಗಿರ್ತೈತಿ. ದೊಡ್ಡ ದುಂಡ ಇದ್ರ ರಿಪೋರ್ಟಿನಾಗ ಎಸ್ ಅಂತ ಬರೀತೇನಿ, ಅಂದ್ರ ಔಷಧ ಹತ್ತತೈತಿ, ಇಲ್ಲಾಂದ್ರ ಆರ್, ಅಂದ್ರ ಹತ್ತಂಗಿಲ್ಲ. ಕೆಲವೊಮ್ಮಿ ಅಷ್ಟು ಸ್ವಚ್ಛ ಜಾಗಾದ ನಡುವ ಒಂದ ಒಂದು ಚುಕ್ಕಿ ಬೆಳದಿರ್ತೈತಿ, ಸುತ್ತ ಎಲ್ಲಾ ಸತ್ತಾವ, ಇದೊಂದ ಇಷ್ಟ ದೊಡ್ಡದಾಗಿ ಕುಂತೈತಿ. ಹೊಸದಾಗಿ ಬಂದ ಹುಡುಗ್ರಿಗೆ ನಾ ಅದನ್ನ ತೋರಸ್ತೇನಿ. ಅದು ರಾತ್ರಿ ಔಷಧ ನೋಡಿ ಎದ್ದು ಕುಂತು ಅಭ್ಯಾಸ ಮಾಡಿದ್ದಲ್ಲ, ಔಷಧ ಬರೂಕಿಂತ ಮೊದಲ ಅದು ಹಂಗ ಇತ್ತು, ಕೋಟಿಗಟ್ಲೆ ಅಣ್ಣತಮ್ಮಂದಿರ ನಡುವ ಯಾರಿಗೂ ಗೊತ್ತಿಲ್ಲದಂಗ.

ಇದು ನಾ ಕಟ್ಟಿ ಹೇಳೂದಲ್ಲ, 1943ರಾಗ ಲೂರಿಯಾ ಮತ್ತ ಡೆಲ್‌ಬ್ರೂಕ್ ಅನ್ನೂ ಇಬ್ರು ವಿಜ್ಞಾನಿಗಳು ಇದನ್ನ ಲೆಕ್ಕಾ ಹಾಕಿ ತೋರಿಸಿ ಕೊಟ್ರು. ನಂಗ ಆ ಪ್ರಯೋಗ ಭಾಳ ಇಷ್ಟ. ಬ್ಯಾಕ್ಟೀರಿಯಾನ ಕೊಲ್ಲೋ ಒಂದು ಜಾತಿ ವೈರಸ್ ಇರ್ತೈತಿ. ಬ್ಯಾಕ್ಟೀರಿಯಾನ ಹಲವಾರು ಟ್ಯೂಬಿನಾಗ ಬ್ಯಾರೆ ಬ್ಯಾರೆ ಬೆಳಸಿ, ಒಂದೊಂದು ಟ್ಯೂಬಿಂದು ಒಂದೊಂದು ಪ್ಲೇಟಿಗೆ ಹಾಕಿ ಈ ವೈರಸ್ ಜೋಡಿ ಬಿಟ್ಟು, ಎಷ್ಟು ಉಳೀತಾವ ಅಂತ ಎಣಸೂದು. ವೈರಸ್ ಕಂಡಮ್ಯಾಲ ಕಲಿಯೂದ ಆಗಿದ್ರ ಎಲ್ಲಾ ಪ್ಲೇಟಿನಾಗೂ ಸುಮಾರು ಅಷ್ಟಷ್ಟ ಉಳೀಬೇಕಾಗಿತ್ತು, ಒಂದ ಮಾಸ್ತರ ಕಡೆ ಒಂದ ಪಾಠ ಕಲ್ತ ಹತ್ತು ಕ್ಲಾಸಿನಾಗ ಪಾಸಾದವ್ರ ಸಂಖ್ಯಾ ಹೆಚ್ಚುಕಡಿಮಿ ಒಂದ ಇರ್ತೈತಲ್ಲ ಹಂಗ. ಆದ್ರ ಭಾಳ ಪ್ಲೇಟಿನಾಗ ಸೊನ್ನಿ, ಕೆಲವ್ರಾಗ ಒಂದು ಇಲ್ಲಾ ಮೂರು ಇಲ್ಲಾ ಐದು, ಯಾವ್ದೋ ಒಂದ್ರಾಗ ಮಾತ್ರ ಧುಡುಮ್ ಅಂತ 107. ಅಂದ್ರ ಆ ಟ್ಯೂಬಿನಾಗ ವೈರಸ್ ಬರೂಕಿಂತ ಎಷ್ಟೋ ಪೀಳಿಗಿ ಮೊದಲ ಯಾವ್ದೋ ಒಂದ್ರಾಗ ಸುಮ್ಮನ ತಪ್ಪಾಗಿ ಒಂದು ಬದಲಾವಣಿ ಆಗಿ, ಅದರ ಮಕ್ಕಳು ಮೊಮ್ಮಕ್ಕಳು ಅಷ್ಟೂ ಹಂಗ ಬೆಳಕೊಂಡು ಬಂದಿದ್ವು. ಲೂರಿಯಾಗ ಇದು ಹೊಳದಿದ್ದು ಕ್ಲಬ್ಬಿನಾಗ ಒಬ್ಬಾಂವ ರೊಕ್ಕದ ಮಷೀನ್ ಆಡೂದು ನೋಡಿದಾಗ ಅಂತ. ಅದೂ ಹಂಗ, ನಮ್ಮ ಜಾತ್ರಿ ಲಾಟ್ರಿ ಇದ್ದಂಗ, ಎಳದೆಳದು ಸೊನ್ನಿ, ಸೊನ್ನಿ, ಆಮ್ಯಾಲ ಒಮ್ಮೆಗೇ ಗುಡ್ಡಿ.

ಈ ಬದಲಾವಣಿ ಹೆಂಗ ಆಗ್ತೈತಿ ಅಂತ ಕಾಕಾ ಊಟಕ್ಕ ಕುಂತಾಗ ಕೇಳಿದ. "ಹತ್ತಿದು ಜೀನ್ ಕಂಪನಿಯಾವ್ರು ಬದಲಿ ಮಾಡಿದ್ರು, ಹುಳದ್ದು ಯಾರ ಮಾಡಿದ್ರು ಹಂಗಾದ್ರ?" ಖರೇನ ಚೊಲೊ ಪ್ರಶ್ನಿ ಅದು, ಬಿಎಸ್‌ಸಿ ಮಾಡುಮುಂದ ನಾ ಸೈತ ಕೇಳಿರಲಿಲ್ಲ. ಯಾರೂ ಮಾಡ್ಲಿಲ್ಲ ಅಂದೆ. ಉತಾರ ನಕಲು ಮಾಡುಮುಂದ ಹೆಸರು ತಪ್ಪು ಬೀಳ್ತೈತಲ್ಲ, ಬಸಪ್ಪ ಇದ್ದಾಂವ ಬಸವ್ವ ಆಗಿರ್ತಾನ, ಹಂಗ. ಪ್ರತಿ ಸಲ ಹುಳ ಹುಟ್ಟುಮುಂದ ಜೀನಿಂದು ನಕಲ ಆಗ್ತೈತಿ, ಕೋಟಿಗಟ್ಲೆ ಅಕ್ಷರದಾಗ ಒಂದೆರಡು ತಪ್ಪು ಬಿದ್ದ ಬೀಳ್ತಾವ. ಭಾಳಷ್ಟು ತಪ್ಪಿನಿಂದ ಏನೂ ಆಗಂಗಿಲ್ಲ, ಕೆಲವು ತಪ್ಪಿನಿಂದ ಹುಳ ಸಾಯ್ತೈತಿ, ಅಪರೂಪಕ್ಕ ಒಂದು ತಪ್ಪು ಆ ವರ್ಷದ ಹೊಲಕ್ಕ ಅಗದೀ ಬರೋಬ್ಬರಿ ಕುಂದರ್ತೈತಿ. ಕಾಕಾಗ ಉತಾರದ ಮಾತು ಪಕ್ಕಾ ತಿಳೀತು, ಯಾಕಂದ್ರ ಅವನ ಉತಾರದಾಗ ಇನ್ನೂ ಹೆಸರು ಸರಿ ಆಗಿಲ್ಲ, ಅರ್ಧಾ ತಾಸು ಅದನ್ನ ಹೇಳಕೋತ ಕುಂತ.

ಈಗ ಬಿಟಿ ಅಂದ್ರ ಏನು ಅನ್ನೂದು. ಮಣ್ಣಾಗ ಇರೋ ಒಂದು ಬ್ಯಾಕ್ಟೀರಿಯಾ, ಬ್ಯಾಸಿಲಸ್ ತುರಿಂಜಿಯೆನ್ಸಿಸ್. ಮೊದಲ ಇದು ಸಿಕ್ಕಿದ್ದು 1901ರಾಗ ಜಪಾನದಾಗ, ರೇಷ್ಮಿ ಹುಳ ಇದ್ದಕ್ಕಿದ್ದಂಗ ಸಾಯಾಕ ಹತ್ತಿದಾಗ ಇಶಿವಾಟಾ ಅನ್ನಾವ್ರು ಹುಡುಕಿದ್ರು. ನಂತರ 1911ರಾಗ ಜರ್ಮನಿಯ ತುರಿಂಜಿಯಾ ಪ್ರಾಂತದ ಹಿಟ್ಟಿನ ಹುಳದಾಗ ಬರ್ಲಿನರ್ ಅನ್ನಾವ್ರಿಗೆ ಮತ್ತ ಸಿಕ್ತು, ಆ ಊರ ಹೆಸರ ಇಟ್ರು. ಈ ಬ್ಯಾಕ್ಟೀರಿಯಾ ಒಂದು ಪ್ರೋಟೀನ್ ಮಾಡ್ತೈತಿ. ಹುಳದ ಹೊಟ್ಟಿಯೊಳಗ ನಮ್ಮಂಗ ಆಮ್ಲ ಇರಂಗಿಲ್ಲ, ಉಲ್ಟಾ ಕ್ಷಾರ ಇರ್ತೈತಿ, ಆ ಕ್ಷಾರದಾಗ ಪ್ರೋಟೀನ್ ಕರಗಿ ಖರೇ ವಿಷ ಆಗಿ, ಕರುಳಿನ ಗ್ವಾಡಿ ಮ್ಯಾಲ ಇರೋ ಒಂದು ಕೊಂಡಿಗೆ ಹೋಗಿ ಸಿಗಿಬೀಳ್ತೈತಿ, ಅಲ್ಲೆ ತೂತು ಬೀಳ್ತಾವ, ಹುಳ ತಿನ್ನೂದು ಬಿಟ್ಟು ಸಾಯ್ತೈತಿ. ನಮ್ಮ ಕರುಳಾಗ ಆ ಕೊಂಡಿನ ಇಲ್ಲ. ಆ ಪ್ರೋಟೀನ್ ಮಾಡೂ ಜೀನ್ ತಗದು ಹತ್ತಿಗೆ ಹಾಕಿದ್ದ ಬಿಟಿ ಹತ್ತಿ. ಹಾಕಿದ್ದು ಹೆಂಗ ಅಂದ್ರ ಅದೂ ಇನ್ನೊಂದು ಬ್ಯಾಕ್ಟೀರಿಯಾದ ಕೈಲೆ, ಅಗ್ರೋಬ್ಯಾಕ್ಟೀರಿಯಂ ಅಂತ, ಗಿಡದೊಳಗ ತನ್ನ ಜೀನ್ ತುರುಕೂದ ಅದರ ಹುಟ್ಟುಗುಣ. ನಾವು ತಿನ್ನೂ ಗೆಣಸಿನಾಗ ಇದರ ಜೀನ್ ಮನುಷ್ಯಾರು ಕೈ ಹಚ್ಚದ ಸಾವಿರಾರು ವರ್ಷದ ಹಿಂದ ಹೊಕ್ಕು ಕುಂತಾವ ಅಂತ 2015ರಾಗ ಗೊತ್ತಾತು. ಏಕಾದಶಿ ಉಪವಾಸಕ್ಕ ಗೆಣಸು ಕುದಿಸಿ ತಿನ್ನಾವ್ರಿಗೆ ನಾ ಇದನ್ನ ಹೇಳೂದು ಬಿಟ್ಟೇನಿ, ಅವ್ವ ಬೈತಾಳ.

ನಮ್ಮವ್ವಗ ಹತ್ತಿ ಅಂದ್ರ ಬ್ಯಾರೇನ ನೆನಪು. ಅಪ್ಪ ಹೋದಮ್ಯಾಲ ಒಂದಷ್ಟು ವರ್ಷ ನಾವು ರಾಣೇಬೆನ್ನೂರ ಕಡೆ ಸೋದರಮಾವನ ಊರಾಗ ಇದ್ವಿ, ಅಲ್ಲೆಲ್ಲಾ ಸೀಡ್ಸ್ ಪ್ಲಾಟು. ಅವ್ವ ಕ್ರಾಸಿಂಗ್ ಕೆಲಸಕ್ಕ ಹೋಗ್ತಿದ್ಲು, ಸೂಟಿಯಾಗ ನಾನೂ. ಸಂಜಿಮುಂದ ಹೆಣ್ಣು ಸಾಲಿಗೆ ಹೋಗಿ ನಾಳೆ ಅರಳೂ ಮೊಗ್ಗಿ ಯಾವ್ದು ಅಂತ ನೋಡಿ ಉಗುರಿಲೆ ಪಕಳಿ ಕಿತ್ತು ಒಳಗಿನ ಗಂಡು ಭಾಗ ಅಷ್ಟೂ ತಗೀಬೇಕು, ಒಂದು ಕಣ ಉಳದ್ರೂ ಬೀಜಾ ಕೆಡ್ತೈತಿ, ಗುರ್ತಿಗೆ ಕಾಗದಾ ಹಾಕಬೇಕು, ಮರುದಿನ ಮುಂಜಾನಿ ಗಂಡು ಸಾಲಿನ ಹೂವು ತಂದು ಅದಕ್ಕ ಸವರಿ ದಾರಾ ಕಟ್ಟಬೇಕು. ಸಣ್ಣ ಹುಡುಗ್ರ ಬೆರಳು ಇದಕ್ಕ ಚೊಲೊ ಅಂತ ನಮ್ಮನ್ನ ಕರೀತಿದ್ರು. ಈಗ ನೆನಸಿದ್ರ ಸಿಟ್ಟು ಬರ್ತೈತಿ, ಆವಾಗ ಮಾತ್ರ ಕೂಲಿ ರೊಕ್ಕದಾಗ ರಿಬ್ಬನ್ ತಗೋಬಹುದು ಅನ್ನೂ ಖುಷಿ.

ಈ ಕೈಲೆ ಕ್ರಾಸ್ ಮಾಡೂ ವಿದ್ಯಾಕ್ಕೂ ನಮ್ಮ ಧಾರವಾಡಕ್ಕೂ ಹಳೇ ನಂಟು. ಹತ್ತಿ ತಳಿ ವಿಜ್ಞಾನಿ ಡಾ. ಕಾತರಕಿಯವ್ರು 1972ರಾಗ ಧಾರವಾಡದಾಗ ವರಲಕ್ಷ್ಮಿ ಅನ್ನೂ ಹತ್ತಿ ತಂದ್ರು, ಅಮೆರಿಕದ ಎರಡು ಬ್ಯಾರೆ ಬ್ಯಾರೆ ಜಾತಿ ಹತ್ತಿ ಕೂಡಿಸಿ ಮಾಡಿದ ಹೈಬ್ರಿಡ್ಡು. ಆಮ್ಯಾಲ 1981ರಾಗ ಡಿಸಿಎಚ್ 32 ಬಂತು, ಉದ್ದನ್ನ ನೂಲಿಂದು, ಜಯಲಕ್ಷ್ಮಿ ಅಂತನೂ ಅಂತಾರ. ನಮ್ಮಜ್ಜನ ಕಾಲಕ್ಕ ಇದ್ದಿದ್ದು ಜಯಧರ, ಎರಿ ಹೊಲದ ನಾಟಿ ಹತ್ತಿ. ಇಲ್ಲೊಂದು ಮಜಾ ಐತಿ. ಜಯಧರದಂಥಾ ನಮ್ಮ ಕಡೆ ಹತ್ತಿಗೆ ಕ್ರೋಮೋಸೋಮ್, ಅಂದ್ರ ಜೀನ್ ಹೊತ್ತ ಎಳಿ, 26, ಅಮೆರಿಕದ ಹತ್ತಿಗೆ 52. ಯಾಕ ಡಬಲ್ ಅಂದ್ರ ಹತ್ತಿಪ್ಪತ್ತು ಲಕ್ಷ ವರ್ಷದ ಹಿಂದ ಆಫ್ರಿಕಾ ಏಷ್ಯಾ ಕಡಿ ಹತ್ತಿಯ ಬಳಗದ್ದೊಂದು ಅಮೆರಿಕದ ಕಾಡು ಹತ್ತಿ ಜೋಡಿ ಕೂಡಿ ಎರಡರ ಪೂರ್ತಿ ಜೀನೂ ಒಂದ ಗಿಡದಾಗ ಉಳಕೊಂಡುಬಿಟ್ವು. ಕಂಪನಿಯಾವ್ರು ಹತ್ತಿಗೆ ಮೊದಲ ಸೇರಿಸಿದ್ದು ಒಂದು ವಿಷದ ಜೀನ್, ಇಲ್ಲೆ ಯಾರ ಪರ್ಮಿಶನ್ನೂ ಇಲ್ಲದ ಇಡೀ ಗಂಟ ಬಂದು ಸೇರೈತಿ. ಇದನ್ನ ಹೇಳಿ ಬಿಟಿ ಚೊಲೊ ಅಂತ ಸಾಧಸಾಕ ಹೊಂಟಿಲ್ಲ ನಾ, ಹತ್ತಿ ಅನ್ನೂ ಗಿಡ ಮೊದಲಿಂದ ಹಂಗ ಐತಿ ಅಷ್ಟ.

2002ರ ಮಾರ್ಚಿನಾಗ ಸರಕಾರ ಬಿಟಿ ಹತ್ತಿಗೆ ಒಪ್ಪಿಗಿ ಕೊಡ್ತು, ಕರ್ನಾಟಕಾನೂ ಆ ಪಟ್ಟಿಯಾಗಿತ್ತು. ಅದಕ್ಕೂ ಮೊದಲ 1998ರಾಗ ರಾಯಚೂರ ಕಡೆ ಪ್ರಯೋಗದ ಹೊಲಕ್ಕ ನಂಜುಂಡಸ್ವಾಮಿಯವರ ರೈತ ಸಂಘದಾವ್ರು ಬೆಂಕಿ ಹಚ್ಚಿದ್ದು ಎಲ್ಲಾರಿಗೂ ನೆನಪೈತಿ. ನಮ್ಮ ಕಾಕಾನೂ ಆವಾಗ ಹಸಿರು ಟಾವೆಲ್ ಹಾಕ್ಕೊಂಡು ತಿರಗ್ಯಾನ. ಅದ ಕಾಕಾ ಮುಂದ ಒಪ್ಪಿಗಿ ಸಿಕ್ಕು ಎರಡು ವರ್ಷಕ್ಕ ಮಂದಿ ಹೊಲಾ ನೋಡಿ ತಾನೂ ಹಾಕಿದ. ಹಾಕದ ಏನ್ ಮಾಡ್ತಾನ. ಅದಕ್ಕಿಂತ ಮೊದಲ ಹತ್ತಿಕಾಯಿ ಕೊರಿಯೂ ಇನ್ನೊಂದು ಹುಳ, ಹಸಿರು ಕೀಡಿ, ಅದರ ಕಾಟದಾಗ ವಾರಕ್ಕೊಮ್ಮಿ ಎಣ್ಣಿ ಹೊಡೀತಿದ್ದ, ಮೋನೋಕ್ರೋಟೋಫಾಸ್, ಎಂಡೋಸಲ್ಫಾನ್, ಎರಡು ಕೂಡ್ಸಿ ಬೇಕಾದ್ರೂ. ಸಂಜೀಕ ಮನಿಗೆ ಬಂದ್ರ ಹೊಸ್ತಿಲಿಂದನ ವಾಸನಿ. ಚಿಗವ್ವ ಅವನ ಅಂಗಿ ಬ್ಯಾರೆ ಒಗೀತಿದ್ಲು, ಒಗದ ಕೈಗೆ ಗುಳ್ಳಿ ಏಳ್ತಿದ್ವು. ಬಿಟಿ ಬಂದ ಮೊದಲ ಮೂರ್ನಾಲ್ಕು ವರ್ಷ ಆ ವಾಸನಿ ನಮ್ಮ ಮನ್ಯಾಗ ಕಡಿಮಿ ಆಗಿತ್ತು. ಬಿಟಿ ಬಗ್ಗೆ ಯಾರ ಏನ ಬೈದ್ರೂ ನನಗ ಇದು ಮರೀಯಂಗಿಲ್ಲ.

ಈಗ ಕಾಕಾನ ಮೆಣಸಿನಕಾಯಿ ಕತಿಗೆ ಬರ್ತೇನಿ. ಅವನ ಹೊಲದಾಗ ಬರೇ ಹತ್ತಿ ಅಲ್ಲ, ಮುಂಚಿಂದ ಮೆಣಸಿನಕಾಯಿ ಉಳ್ಳಾಗಡ್ಡಿ ಹತ್ತಿ ಕೂಡ ಹಾಕೂದು ನಮ್ಮ ಕಡೆ ರೂಢಿ. ಬ್ಯಾಡಗಿ ಕಡ್ಡಿ ಬೀಜಾ ಅವನ ಮನೀದ, ಪ್ಯಾಟಿಂದು ಅಲ್ಲ. ಒಣಗಿಸಿದ ಕೆಂಪ ಗುಡ್ಡಿ ಮುಂದ ಕುಂತು ಒಂದೊಂದ ಕಾಯಿ ಎತ್ತಿ ನೋಡ್ತಾನ, ಚೊಲೊ ಕಡು ಕೆಂಪು, ಮೈತುಂಬ ಸುಕ್ಕು, ಉದ್ದ, ಖಾರ ಹದಾ, ಅಂಥಾವು ಮುಂದಿನ ವರ್ಷದ ಬೀಜಕ್ಕ ಬ್ಯಾರೆ ಬುಟ್ಟಿಗೆ, ಉಳದದ್ದು ಎಪಿಎಂಸಿಗೆ. ಅವರಪ್ಪನೂ ಹಂಗ ಮಾಡ್ತಿದ್ದ, ಅವರಜ್ಜನೂ. ಮೆಣಸಿನಕಾಯಿ ನಮ್ಮ ದೇಶದ್ದ ಅಲ್ಲ, ಪೋರ್ಚುಗೀಸರು ತಂದಿದ್ದು, ಆದ್ರ ಖಾರ ಕಡಿಮಿ ಬಣ್ಣ ಜಾಸ್ತಿ ಇರೋ ಬ್ಯಾಡಗಿ ಕಾಯಿ ಆಗಿದ್ದು ಇಂಥಾ ಬುಟ್ಟಿಗಳಿಂದ. ಒಂದ ಗಿಡಕ್ಕೂ ಕಾಕಾ "ನೀ ಕೆಂಪ ಆಗು" ಅಂತ ಕಲಿಸಿಲ್ಲ, ಆರಿಸ್ಯಾನ ಅಷ್ಟ. ಡಾರ್ವಿನ್ 1859ರಾಗ ತನ್ನ ವಾದ ಜಗತ್ತಿನ ಮುಂದ ಇಟ್ಟಾಗ ಸುರುಮಾಡಿದ್ದೂ ಇಂಥಾ ಮಾತಿನಿಂದನ, ಪಾರಿವಾಳ ಸಾಕಾವ್ರು ಹೆಂಗ ತಮಗ ಬೇಕಾದ್ದು ಆರಿಸಿ ಆರಿಸಿ ಬ್ಯಾರೆ ಬ್ಯಾರೆ ನಮೂನಿ ಮಾಡ್ತಾರ ಅಂತ. ಆಮ್ಯಾಲ ಕೇಳಿದ್ದು, ಆರಸಾಕ ಮನುಷ್ಯಾನ ಬೇಕಂತೇನಿಲ್ಲಲ್ಲ, ಚಳಿ, ಬರ, ಹಸಿವಿ, ಇವೂ ಆರಸ್ತಾವಲ್ಲ, ಅಂತ.

ಇದನ್ನ ಕಾಕಾಗ ಹೇಳಿದೆ: ಮೆಣಸಿನಕಾಯಿಗೆ ಬುಟ್ಟಿ ಇಟ್ಟಂಗ, ಹುಳಕ್ಕೂ ಒಂದು ಬುಟ್ಟಿ ಇಟ್ಟಿದ್ದಿ ನೀ, ಇಪ್ಪತ್ತು ವರ್ಷ. ಬಿಟಿ ತಿಂದು ಸಾಯೂ ಹುಳ ಅಷ್ಟೂ ಎಪಿಎಂಸಿಗೆ ಹೋದ್ವು, ಸಾಯದ ಇರೂವು ಬೀಜಕ್ಕ ಉಳದ್ವು.

ಕಾಕಾ ಒಂದ ನಿಮಿಷ ರೊಟ್ಟಿ ಮುರಿಯೂದು ಬಿಟ್ಟ. "ಅಲ್ಲವಾ, ನಾ ಬೇಕಂತ ಇಟ್ಟೇನೇನು?"

ಬೇಕಂತ ಇಟ್ಟಿದ್ದಲ್ಲ, ಅದ ತ್ರಾಸು. ಇಲ್ಲೆ 120 ಗ್ರಾಮಿನ ಪಾಕೀಟಿನ ಮಾತು ಬರ್ತೈತಿ. ಹತ್ತಿ ಹಾಕಿದ ಮನ್ಯಾವ್ರಿಗೆಲ್ಲಾ ನೆನಪಿರಬೇಕು, 450 ಗ್ರಾಮ್ ಬಿಟಿ ಬೀಜದ ಜೋಡಿ ಒಂದು ಸಣ್ಣ ಪಾಕೀಟು ಬರ್ತಿತ್ತು, ಅದರಾಗ ಬಿಟಿ ಇಲ್ಲದ ಸಾದಾ ಬೀಜ. ಹೊಲದ ಸುತ್ತ ಐದು ಸಾಲು, ಇಲ್ಲಾ ಹೊಲದಾಗ ನೂರಕ್ಕ ಇಪ್ಪತ್ತು ಪಾಲು, ಯಾವ್ದು ಜಾಸ್ತಿ ಅದು, ಈ ಸಾದಾ ಹತ್ತಿ ಹಾಕಬೇಕಂತ ನಿಯಮ. ನಮ್ಮ ಕಾಕಾಗ ಅಂಗಡಿಯಾಂವ ಏನ್ ಹೇಳಿದ್ದ ಅಂದ್ರ "ಅದನ್ನ ಬಿಡ್ರಿ, ಹುಳ ಬೀಳೂ ಬೀಜ ಅದು, ಸುಮ್ಮನ ಕೊಡ್ತಾರ". ಹುಳ ಬೀಳೂ ಬೀಜ ಯಾವ ರೈತ ಹೊಲದಾಗ ಹಾಕ್ತಾನ್ರಿ? ಪಾಕೀಟಿನ ಮ್ಯಾಲ ಏನೋ ಸಣ್ಣ ಅಕ್ಷರದಾಗ ಬರದಿತ್ತಂತ, ಒಂದು ವರ್ಷ ಬಿಟಿ ಬೀಜ ಹುಟ್ಟದ ಜಾಗಾದಾಗ ನಟ್ಟಿದ್ನಂತ, ಉಳದ ವರ್ಷ ಅಟ್ಟದ ಮ್ಯಾಲ.

ಹುಳ ಬೀಳಲಿ ಅಂತನ ಆ ಸಾಲು. ಲೆಕ್ಕಾ ಹಿಂಗ. ಬಿಟಿ ವಿಷ ಕೂಡೂ ಆ ಕೊಂಡಿ ಮಾಡೂ ಜೀನ್ ಪ್ರತಿ ಹುಳಕ್ಕೂ ಎರಡು, ಅಪ್ಪನ್ನದೊಂದು ಅವ್ವಂದೊಂದು. ಎರಡೂ ಕೆಟ್ಟಿದ್ರ ಮಾತ್ರ ಕೊಂಡಿ ಇಲ್ಲ, ವಿಷ ಹತ್ತಂಗಿಲ್ಲ. ಒಂದು ಕೆಟ್ಟು ಒಂದು ಸರಿ ಇದ್ರ ಕೊಂಡಿ ಇದ್ದ ಇರ್ತೈತಿ, ಹುಳ ಸಾಯ್ತೈತಿ. ಸುಮ್ಮನ ಲೆಕ್ಕಕ್ಕ ಹಿಡೀರಿ, ಸಾವಿರ ಜೀನಿನಾಗ ಒಂದು ಕೆಟ್ಟೈತಿ. ಎರಡೂ ಕೆಟ್ಟ ಹುಳ ಎಷ್ಟು ಅಂದ್ರ ಸಾವಿರದ ಸಾವಿರಪಟ್ಟು, ಹತ್ತು ಲಕ್ಷದಾಗ ಒಂದು. ಇಡೀ ಹೊಲಾ ಬಿಟಿ ಇದ್ರ ಉಳಿಯೂದು ಇಂಥಾವ ಅಷ್ಟ, ಅವು ಯಾರ ಜೋಡಿ ಕೂಡ್ತಾವ? ತಮ್ಮಂಥಾವ್ರ ಜೋಡೀನ, ಬ್ಯಾರೆ ಯಾರೂ ಉಳದಿಲ್ಲಲ್ಲ. ಮಕ್ಕಳೂ ಅಷ್ಟೂ ಹಂಗ. ಅದ ಬಾಜೂಕ ಐದು ಸಾಲು ಸಾದಾ ಹತ್ತಿ ಇದ್ರ ಅಲ್ಲೆ ಸಾವಿರಾರು ಸಾದಾ ಹುಳ ಬೆಳದಿರ್ತಾವ, ಆ ಒಂದು ಗಟ್ಟಿ ಹುಳದ ಪತಂಗಕ್ಕ ಸಿಗೂದು ಸಾದಾ ಪತಂಗನ. ಅವರ ಮಕ್ಕಳಿಗೆ ಒಂದು ಕೆಟ್ಟಿದ್ದು ಒಂದು ಸರಿ, ಬಿಟಿ ತಿಂದ್ರ ಸಾಯ್ತಾವ. ಅಂದ್ರ ಬೀಗಸ್ತನಾ ಹೊರಗ ಮಾಡಿಸಾಕ ಇಟ್ಟ ಸಾಲು ಅದು. ಇದನ್ನ ಹಿಂಗ ಹೇಳಿದ್ರ ಯಾವ ರೈತಗ ತಿಳಿಯಂಗಿಲ್ಲ ಹೇಳ್ರಿ, ಬ್ಯಾಡಗಿ ಬೀಜದ ಸಾಲಿನ ಬಾಜೂಕ ಬ್ಯಾರೆ ಮೆಣಸಿನಕಾಯಿ ಹಾಕಿದ್ರ ಬೀಜಾ ಬೆರಕಿ ಆಗ್ತೈತಿ ಅಂತ ಅವ್ರಿಗೆ ಮೊದಲ ಗೊತ್ತೈತಿ. ಯಾರೂ ಹೇಳ್ಲಿಲ್ಲ ಅಷ್ಟ.

ಮತ್ತ ಹಸಿರು ಕೀಡಿ ಯಾಕ ಹಂಗ ತಿರುಗಿ ಏಳ್ಲಿಲ್ಲ, ಗುಲಾಬಿದ್ದ ಯಾಕ ಎದ್ದಿತು ಅಂತ ಕಾಕಾ ಕೇಳಿದ, ಅವನ ಪ್ರಶ್ನಿ ಮುಗಿಯಂಗಿಲ್ಲ. ಅಲ್ಲೇ ಐತಿ ನೋಡ್ರಿ ಉತ್ತರ, ಅವನ ಹೊಲದಾಗ. ಹಸಿರು ಕೀಡಿ ಏನ್ ಬೇಕಾದ್ದು ತಿಂತೈತಿ, ಕಡ್ಲಿ, ತೊಗರಿ, ಗೋವಿನಜೋಳ, ಟೊಮೆಟೊ, ಅವನ ಮೆಣಸಿನಕಾಯಿ ಸೈತ. ಅವೆಲ್ಲಾ ಬಿಟಿ ಅಲ್ಲ, ಅಲ್ಲೆ ಸಾದಾ ಕೀಡಿ ಬೆಳಕೊಂಡು ಬಂದು ಬೀಗಸ್ತನಾ ಮಾಡಿಕೊಂಡು ಹೋಗ್ತಿದ್ವು. ಮೆಣಸಿನಕಾಯಿ ಮಡಿ ಗೊತ್ತಿಲ್ಲದ ಆ 120 ಗ್ರಾಮ್ ಪಾಕೀಟಿನ ಕೆಲಸಾ ಮಾಡೈತಿ. ಗುಲಾಬಿ ಹುಳ ಮಾತ್ರ ಹತ್ತಿ ಬಿಟ್ರ ಹೆಚ್ಚಿಗಿ ಏನೂ ಮುಟ್ಟಂಗಿಲ್ಲ. ದೇಶದ ಹತ್ತಿಯಾಗ ನೂರಕ್ಕ ತೊಂಬತ್ತರ ಮ್ಯಾಲ ಬಿಟಿ ಆದಮ್ಯಾಲ ಅದಕ್ಕ ಸಾದಾ ಬೀಗರು ಎಲ್ಲಿಂದ ಸಿಗಬೇಕು.

ಅದು ನಮ್ಮ ದೇಶದ ಹಳೇ ಹುಳಾನ, 1843ರಾಗ ಸಾಂಡರ್ಸ್ ಅನ್ನಾವ್ರು ಅದರ ವರ್ಣನಾ ಬರದಿದ್ದು ಗುಜರಾತದ ಭರೂಚದಿಂದ ಬಂದ ಹುಳ ನೋಡಿ. ಬಿಟಿ ಮುರದಿದ್ದೂ ಮೊದಲ ಗುಜರಾತದಾಗನ, 2009-10ರ ಹೊತ್ತಿಗೆ ಮೊದಲನೇ ಬಿಟಿ ಪ್ರೋಟೀನ್ ಅದಕ್ಕ ಹತ್ತವಲ್ದು ಅಂತ ಗೊತ್ತಾತು. ಅಷ್ಟೊತ್ತಿಗೆ 2006ರಿಂದ ಎರಡು ಪ್ರೋಟೀನ್ ಇರೋ ಬೀಜ ಬಂದಿತ್ತು, ಒಂದಕ್ಕ ತಪ್ಪಿಸಿಕೊಂಡ್ರ ಇನ್ನೊಂದಕ್ಕ ಸಿಗ್ತೈತಿ ಅನ್ನೂ ಲೆಕ್ಕಾ. ಆದ್ರ ಹಳೇದೂ ಹೊಸಾದೂ ಎರಡೂ ಜೋಡೀನ ಹೊಲದಾಗ ಇದ್ವು, ಒಂದಕ್ಕ ಮೊದಲ ಗಟ್ಟಿಯಾದ ಹುಳಕ್ಕ ಎರಡನೇದು ಒಂಟಿಯಾಗಿ ಸಿಕ್ತು. 2015ರ ಹೊತ್ತಿಗೆ ಅದೂ ಹೋತು.

ಇನ್ನೊಂದು ಮಾತು ನನಗ ಕ್ರಾಸಿಂಗ್ ಕೆಲಸದ ನೆನಪಿಂದ ಹೊಳೀತು. ಅಮೆರಿಕಾ, ಆಸ್ಟ್ರೇಲಿಯಾದಾಗ ಹಾಕೂದು ಹೈಬ್ರಿಡ್ ಅಲ್ಲ, ಸಾದಾ ತಳಿ, ಅಲ್ಲೆ ಪ್ರತಿ ಬೀಜದಾಗೂ ಬಿಟಿ ಇರ್ತೈತಿ. ನಮ್ಮದು ಹೈಬ್ರಿಡ್, ತಂದಿ ತಾಯಿಯಾಗ ಒಬ್ರಿಗಷ್ಟ ಬಿಟಿ ಇದ್ರ ಹೊಲದಾಗ ಬೆಳದ ಗಿಡದ ಕಾಯಿಯೊಳಗಿನ ಬೀಜ ಒಂದೇ ನಮೂನಿ ಇರಂಗಿಲ್ಲ, ನಾಕರಾಗ ಒಂದಕ್ಕ ಆ ಜೀನ್ ಇರಂಗಿಲ್ಲ. ಗುಲಾಬಿ ಹುಳ ತಿನ್ನೂದ ಬೀಜ. ಒಂದ ಕಾಯಿಯೊಳಗ ಕುಂತು ಒಂದು ಬೀಜ ವಿಷದ್ದು ಒಂದು ಇಲ್ಲದ್ದು ತಿನ್ಕೋತ ಹೊಂಟ್ರ, ಸಾಯಬೇಕಾಗಿದ್ದ ಅರೆಗಟ್ಟಿ ಹುಳನೂ ಬದುಕಬಹುದು. ಒಬ್ರ ಅರ್ಧಾ ಕೋರ್ಸ್ ಆಂಟಿಬಯಾಟಿಕ್ ತಗೊಂಡು ಬಿಟ್ಟಂಗ, ಮರು ತಿಂಗಳ ಅವರ ಪ್ಲೇಟ್ ನನ್ನ ಕೈಗೆ ಬರ್ತೈತಿ, ಆರ್ ಆರ್ ಆರ್ ಅಂತ ಬರಕೋತ ಹೋಗೂದು. ಅದರ ಮ್ಯಾಲ ನಮ್ಮ ಹೈಬ್ರಿಡ್ ಹತ್ತಿ ಆರು ತಿಂಗಳ ಮ್ಯಾಲ ಹೊಲದಾಗ ನಿಲ್ತೈತಿ, ಹುಳಕ್ಕ ಒಂದು ಪೀಳಿಗಿಗೆ ತಿಂಗಳು ಸಾಕು. ಬ್ಯಾಸಿಗಿಗೆ ನೀರಿದ್ದವ್ರು ಇನ್ನೊಂದು ಕಟಾವಿಗೆ ಅಂತ ಬಿಟ್ರಂತೂ ಅದಕ್ಕ ವರ್ಷಪೂರ್ತಿ ಊಟ.

ಅದ ಹುಳ ಅಮೆರಿಕದ ಅರಿಝೋನಾದಾಗೂ ಇತ್ತು. ಅಲ್ಲೆ 1996ರಿಂದ ಬಿಟಿ ಹಾಕಿದ್ರು, ಸಾದಾ ಹತ್ತಿ ಸಾಲು ನಿಯತ್ತಿಲೆ ಹಾಕಿದ್ರು, ಹತ್ತು ವರ್ಷ ಹುಳ ಗಟ್ಟಿ ಆಗ್ಲಿಲ್ಲ. 2006ರಿಂದ ಬಂಜಿ ಮಾಡಿದ ಪತಂಗಾನ ವಿಮಾನದಿಂದ ಕೋಟಿಗಟ್ಲೆ ಬಿಟ್ರು, 2018ರಾಗ ಆ ಹುಳ ಅಮೆರಿಕದ ಹತ್ತಿ ಹೊಲದಾಗ ಇಲ್ಲೇ ಇಲ್ಲ ಅಂತ ಸಾರಿದ್ರು. ಅದ ಹುಳ, ಅದ ಜೀನ್. ಕಾಕಾನಂಥಾ ನಾಕು ಎಕರೆಯಾವ್ರಿಗೆ ನೂರಕ್ಕ ಇಪ್ಪತ್ತು ಬಿಡು ಅನ್ನೂದು ಅಲ್ಲಿನ ಸಾವಿರ ಎಕರೆಯಾವ್ರಿಗೆ ಅಂದಂಗಲ್ಲ, ಅದು ನನಗ ಗೊತ್ತೈತಿ. ಆದ್ರೂ ಹೊಟ್ಟಿ ಉರೀತೈತಿ. ನನ್ನ ಅಭಿಪ್ರಾಯ ಕೇಳಿದ್ರ ಜೀನ್ ಹಾಕಿದ್ದು ತಪ್ಪಲ್ಲ, ಜೀನ್ ಮಾರಿ ಅದರ ಜೋಡಿ ಬರಬೇಕಾದ ಬುದ್ಧಿ ಸುಮ್ಮನ ಕೊಡೂ ಪಾಕೀಟಿನಾಗ ತುರುಕಿ ಕೈ ತೊಳಕೊಂಡಿದ್ದು ತಪ್ಪು. ಇತ್ತೀಚಿಗೆ ಸಾದಾ ಬೀಜಾನ ಅದ ಚೀಲದಾಗ ಬೆರಸಿ ಕೊಡ್ತಾರ, ಹುಳ ಗೆದ್ದಮ್ಯಾಲ.

ಜೀನ್ ಬದಲಿ ಅಂದ ಕೂಡ್ಲೆ ಹೌಹಾರೂ ಜನಕ್ಕ ನಾ ಕಾಕಾನ ಉದಾಹರಣಿ ಕೊಡ್ತೇನಿ. ಅಂವ ದಿನಾ ಎರಡು ಹೊತ್ತು ಇನ್ಸುಲಿನ್ ಚುಚ್ಚಿಕೊಳ್ತಾನ. ಮೊದಲ ಹಂದಿ ದನದ ಗ್ರಂಥಿಯಿಂದ ತಗೀತಿದ್ರು, 1978ರಾಗ ಮನುಷ್ಯಾನ ಜೀನ್ ಬ್ಯಾಕ್ಟೀರಿಯಾಗ ಹಾಕಿ ಅದರ ಕಡೆ ಮಾಡಿಸಿದ್ರು, 1982ಕ್ಕ ಮಾರಾಟಕ್ಕ ಬಂತು. ಇದನ್ನ ಹೇಳಿದ್ರ ಕಾಕಾ "ಹಂಗಾದ್ರ ನಾನೂ ಬಿಟಿನ ಬಿಡು" ಅಂತ ನಕ್ಕ. ಬಿಟಿ ಬದನಿಕಾಯಿ ಮಾತ್ರ ಬ್ಯಾಡ ಅಂತಾನ, ಅದಕ್ಕ ಕೇಂದ್ರ 2010ರಾಗ ತಡಿ ಹಾಕಿದ್ದು ಸರಿ ಅಂತಾನ, ಎಣ್ಣಿಗಾಯಿ ರುಚಿ ಕೆಡ್ತೈತಿ ಅನ್ನೂದು ಅವನ ವಾದ. ರುಚಿಗೂ ಆ ಒಂದು ಜೀನಿಗೂ ಸಂಬಂಧ ಇಲ್ಲ ಅಂತ ಹೇಳಾಕ ಹೋದೆ, ಮುಳಗಾಯಿ ವಿಷಯದಾಗ ಅವನ ಜೋಡಿ ವಾದಾ ಮಾಡೂದು ಬ್ಯಾಡ ಅನ್ನಿಸ್ತು.

ಸಂಜಿ ಬಸ್ಸಿಗೆ ಹತ್ತಿಸಿ ಬಂದೆ. ಮೂರು ತಿಂಗಳ ಶುಗರಿನ ಸರಾಸರಿ ತೋರಸೂ ಎಚ್‌ಬಿಎ1ಸಿ 8.4 ಬಂದಿತ್ತು, ಜಾಸ್ತೀನ, ಅದನ್ನ ಫೋನ್ ಮಾಡಿ ಹೇಳಿದೆ, ಅದಕ್ಕವ ಏನೂ ಪ್ರಶ್ನಿ ಕೇಳ್ಲಿಲ್ಲ.

ಆ ಕಾಯಿ ಟೇಬಲ್ ಮ್ಯಾಲ ಹಂಗ ಉಳದಿತ್ತು. ಚೆಲ್ಲಾಕ ಮನಸ ಆಗ್ಲಿಲ್ಲ, ಸ್ಯಾಂಪಲ್ ಡಬ್ಬಿಯಾಗ ಹುಳ ಬೀಜ ಎಲ್ಲಾ ಹಾಕಿ ಮುಚ್ಚಳಕ್ಕ ಸೂಜಿಲೆ ನಾಕು ತೂತು ಮಾಡಿ, ಪೇಶಂಟ್ ಹೆಸರ ಬರಿಯೂ ಜಾಗಾದಾಗ "ಕಾಕಾ" ಅಂತ ಬರದು ಕಿಟಕಿಯಾಗ ಇಟ್ಟೆ. ಹುಳ ಎರಡು ದಿನಕ್ಕ ಕಂದು ಬಣ್ಣದ ಕೋಶ ಆತು. ನಂತರ ಮರತೇಬಿಟ್ಟಿದ್ದೆ. ಹದಿನೈದು ದಿನ ಆಗಿರಬೇಕು, ಮುಂಜಾನಿ ಬಂದು ನೋಡಿದ್ರ ಒಳಗ ಒಂದು ಪತಂಗ. ಗುಲಾಬಿ ಇಲ್ಲ ಏನಿಲ್ಲ, ಬೂದಿ ಕಂದು ಬಣ್ಣ, ಮೈ ಮ್ಯಾಲ ಕಪ್ಪು ಚುಕ್ಕಿ, ಜೋಳದ ಕಾಳಿಗಿಂತ ಸ್ವಲ್ಪ ಉದ್ದ. ಹೊರಗ ಬಿಡೂ ಮಾತ ಇಲ್ಲ, ಸ್ಪಿರಿಟ್ ಹತ್ತಿ ಹಾಕಿ ಮುಚ್ಚಳಾ ಬಿಗಿ ಮಾಡಿದೆ. ಅದಕ್ಕಿಂತ ಮೊದಲ ಮೊಬೈಲಿನಾಗ ಫೋಟೋ ತಗದು ಕಾಕಾಗ ಕಳಿಸಿದೆ.

ಐದು ನಿಮಿಷಕ್ಕ ಫೋನ್ ಬಂತು. ಇಪ್ಪತ್ತು ವರ್ಷ ಅದರ ಜೋಡಿ ಬಡದಾಡ್ಯಾನ, ಅದು ಹಾರೂದ ರಾತ್ರಿ, ಹಗಲಿ ನೆಲದಾಗ ಎಲಿಯಾಗ ಅಡಗಿರ್ತೈತಿ, ಒಮ್ಮಿನೂ ನೋಡಿದ್ದಿಲ್ಲಂತ.

"ಇಷ್ಟ ಸಣ್ಣದಾ?" ಅಂದ.